ಮನೆ ಅಳತೆ

ಫೆಬ್ರವರಿ ೧೧

ಪುಟ್ಟಿ,

ನೀನು ಕಳಿಸಿದ ಡಬ್ಬಿ ನಿನ್ನೆ ಬಂತು. ತೆರೆಯಲಿಲ್ಲ. ಇವತ್ತು ವಾಪಸ್ ಕಳಿಸಿದೆ. ಮೇಲಿನ ಚೀಟಿಯಲ್ಲಿ 'ದರ್ಜಿ ಕತ್ತರಿ, ಹತ್ತು ಇಂಚು' ಎಂದಿತ್ತು. ಐವತ್ತು ತುಂಬಿದ ಅಕ್ಕನಿಗೆ ಉಡುಗೊರೆ, ಅಲ್ಲವೇ? ನೆನಪಿಟ್ಟುಕೊಂಡದ್ದಕ್ಕೆ ಸಂತೋಷ. ಆದರೆ ಡಬ್ಬಿಯ ಮೇಲೆ ಮನೆಮನೆಗೆ ಸಾಮಾನು ಕಳಿಸುವ ನಿನ್ನ ಕಂಪನಿಯ ಗುರುತು ಕಂಡದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ತಂದವರಿಗೆ ನನ್ನಷ್ಟೇ ವಯಸ್ಸು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. "ಒಂದ್ನಿಮಿಷ ಕೂತ್ಕೊಳ್ಳಿ, ನೀರು ಕೊಡ್ತೀನಿ" ಅಂದೆ. "ಬೇಡಮ್ಮ, ಬೇಗ ಸಹಿ ಹಾಕಿ, ಟೈಮ್ ಓಡ್ತಿದೆ" ಅಂತ ಮೆಟ್ಟಿಲ ಕಡೆಗೇ ನೋಡುತ್ತಿದ್ದರು.

ಫೋನ್ ಮಾಡಿದರೆ ಎತ್ತುವುದಿಲ್ಲ ಎಂದು ಪಕ್ಕದ ಮನೆಯವರ ಹತ್ತಿರ ದೂರಿದ್ದೀಯಂತೆ. ಹೌದು, ಎತ್ತುವುದಿಲ್ಲ. ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಅಮ್ಮ ಹೋದಾಗ ನಿನಗೆ ಆರು ವರ್ಷ. ಆವತ್ತಿನಿಂದ ನೀನು 'ಅಕ್ಕಾ' ಎಂದು ರಾಗ ಎಳೆದರೆ ಸಾಕು, ನಾನು ಸೋಲುತ್ತ ಬಂದಿದ್ದೇನೆ. ಈ ಸಲ ಸೋಲುವ ಮನಸ್ಸಿಲ್ಲ. ಅದಕ್ಕೇ ಕಾಗದ.

ಅತ್ತಿಗೆ ನಿಮ್ಮ ಗೋಡೌನಿನಲ್ಲಿ ಬಿದ್ದು ಇವತ್ತಿಗೆ ಹದಿನೆಂಟು ದಿನ. ಅಣ್ಣ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ಗುಂಡಿಗೆ ಕಾಜಾ ಹಾಕಿದ ಹೆಂಗಸು. ಇಡೀ ಬೀದಿಗೆ 'ಕಾಜಾ ಅಕ್ಕ'. ಮೂವತ್ತನಾಲ್ಕನೇ ಸಾಲಿನಲ್ಲಿ, ಎತ್ತರದ ಕಪಾಟಿನಿಂದ ಸಾಮಾನು ಇಳಿಸಲು ಹೋಗಿ, ಸ್ಟೂಲಿನಿಂದ ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿದಿದೆ. ಬಲಗೈ, ಪುಟ್ಟಿ. ಕಾಜಾ ಹಾಕುವ ಕೈ.

ಹತ್ತು ನಿಮಿಷ ಅಲ್ಲೇ ನೆಲದ ಮೇಲಿದ್ದರಂತೆ. ಜನ ಬುಟ್ಟಿ ತಳ್ಳಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದರಂತೆ, ಯಾರೂ ನಿಲ್ಲಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಅವರ ಕೈಯಲ್ಲೂ ಆ ಸ್ಕ್ಯಾನರ್ ಎಂಬ ಪಿಶಾಚಿ ಸೆಕೆಂಡು ಎಣಿಸುತ್ತಿರುತ್ತದಲ್ಲ! ಕೊನೆಗೆ ನಿಮ್ಮ ಕಂಪನಿಯ ನರ್ಸ್ ಬಂದು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಸ್ಕ್ಯಾನರ್ ಒಡೆದಿಲ್ಲ ತಾನೇ?"

ಮೂಳೆ ಸೊಟ್ಟ ಕೂಡುತ್ತಿದೆಯಂತೆ. ಆರು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಬೆರಳು ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಕೆಲಸದಲ್ಲಿ ಆದ ಗಾಯ ಎಂದು ಕಂಪನಿ ಒಪ್ಪಿದರೆ ಆಪರೇಷನ್ ಆಗುತ್ತದೆ. ಒಪ್ಪದಿದ್ದರೆ ನಮ್ಮಿಂದ ಆಗದ ಮಾತು. ಕಂಪನಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಮೇಲಿನ ಗಾಜಿನ ಕೋಣೆಯಲ್ಲಿ ಕೂರುವವಳು ನೀನು. ಆವತ್ತು ಕೆಳಗೆ ಇಳಿದು ಬಂದೆಯಾ?

ಅಂಗಡಿಯ ಬಾಗಿಲಿಗೆ ಬೋರ್ಡು ಹಾಕಿದ್ದೇನೆ. 'ಆ ಕಂಪನಿಯಿಂದ ತರಿಸಿದ ಬಟ್ಟೆಯನ್ನು ಇಲ್ಲಿ ಬಿಗಿ ಮಾಡುವುದಿಲ್ಲ, ಸಡಿಲ ಮಾಡುವುದಿಲ್ಲ, ಮುಟ್ಟುವುದೂ ಇಲ್ಲ.'

ಸಿಟ್ಟಿನಲ್ಲಿರುವ,
ಅಕ್ಕ

---

ಫೆಬ್ರವರಿ ೨೩

ಅಕ್ಕ,

ನಿನ್ನ ಬೈಗುಳವನ್ನು ಅಕ್ಷರದಲ್ಲಿ ನೋಡಿದ್ದು ಇದೇ ಮೊದಲು. ಎದುರಿಗೆ ಬೈಯುವಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತೀಯ, ಅರ್ಧ ಕೇಳಿಸುವುದೇ ಇಲ್ಲ. ಈ ಸಲ ಪೂರ್ತಿ ಕೇಳಿಸಿತು.

ಮೊದಲು ಕತ್ತರಿಯ ವಿಷಯ. ವಾಪಸ್ ಬಂದ ಸಾಮಾನು ಮತ್ತೆ ಕಪಾಟಿಗೆ ಹೋಗುತ್ತದೆ ಎಂದುಕೊಂಡಿದ್ದೀಯಾ? ಅದನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟಿ ಇಡಲು ಆಗುವ ಹೊತ್ತಿಗಿಂತ ಪುಡಿ ಮಾಡುವ ಹೊತ್ತು ಕಮ್ಮಿ. ನಿನ್ನ ಕತ್ತರಿ ಹೊಸದಾಗಿಯೇ ಪುಡಿಯಾಯಿತು. ನಿನ್ನ ಹಟದಿಂದ ಕಂಪನಿಗೆ ಒಂದು ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಬೋರ್ಡಿನಿಂದ ಹಾಳಾಗುವುದೂ ನಿನ್ನ ಅಂಗಡಿಯೇ.

ಇನ್ನು ಅತ್ತಿಗೆಯ ವಿಷಯ. ಅವರನ್ನು ಗೋಡೌನಿಗೆ ಸೇರಿಸು ಎಂದು ಕೇಳಿದ್ದು ಯಾರು? ಸೆಪ್ಟೆಂಬರಿನಲ್ಲಿ ಫೋನ್ ಮಾಡಿ, "ಇಲ್ಲಿ ಹೊಲಿಗೇನೇ ಇಲ್ಲ ಕಣೇ, ಅತ್ತಿಗೆ ಸುಮ್ನೆ ಕೂತ್ಕೊಂಡು ಗೋಡೆ ನೋಡ್ತಾರೆ, ನಂಗೆ ನೋಡಕ್ಕಾಗಲ್ಲ, ಏನಾದ್ರೂ ಮಾಡೇ" ಎಂದು ಅತ್ತದ್ದು ಯಾರು? ಆಗ ನಿನಗೆ ಈ ಕಂಪನಿ ಹೇಸಿಗೆ ಅನ್ನಿಸಿರಲಿಲ್ಲವೇ?

ನಾನು ಮಾಡಿದೆ. ಕೆಲಸಕ್ಕೆ ಸೇರುವವರ ನಡಿಗೆ ನೋಡುವುದು ನನ್ನ ವಿಭಾಗ. ಬೇರೆಯವರ ಕೈಗೆ ಸಿಕ್ಕಿದ್ದರೆ ಹಿಂದೆ ಕಳಿಸುತ್ತಿದ್ದರು. ಅವರ ಎಡಗಾಲು ಅರ್ಧ ಇಂಚು ಗಿಡ್ಡ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೇ 'ಸರಿ' ಎಂದು ಗುರುತು ಹಾಕಿದೆ. ನಿನಗೋಸ್ಕರ ಹಾಕಿದೆ. ಈಗ ನಾನೇ ಅವರನ್ನು ಸ್ಟೂಲಿನಿಂದ ತಳ್ಳಿದವಳ ಹಾಗೆ ಬರೆಯುತ್ತೀಯ.

ಆವತ್ತು ಕೆಳಗೆ ಇಳಿದು ಬಂದೆನಾ ಎಂದು ಕೇಳಿದೆ. ಬಂದೆ. ಅಷ್ಟು ಹೊತ್ತಿಗೆ ಅವರನ್ನು ಕರೆದುಕೊಂಡು ಹೋಗಿದ್ದರು. ಸ್ಟೂಲು ನೆಟ್ಟಗೆ ನಿಲ್ಲಿಸಿ ಇನ್ನೊಬ್ಬರು ಹತ್ತಿದ್ದರು.

ನಿನ್ನ ತಂಗಿ

---

ಮಾರ್ಚ್ ೯

ಪುಟ್ಟಿ,

ಕಂಪನಿಯಿಂದ ಉತ್ತರ ಬಂತು. ನಾಲ್ಕೇ ಸಾಲು. ಮೂರನೆಯದನ್ನು ಹಾಗೇ ಇಳಿಸುತ್ತೇನೆ: 'ಸದರಿ ಕೆಲಸಗಾರರು ತಮ್ಮ ಕಾಲಿನ ನ್ಯೂನತೆಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿ ಕೆಲಸಕ್ಕೆ ಸೇರಿರುವುದರಿಂದ, ಆಗಿರುವ ಗಾಯಕ್ಕೆ ಸಂಸ್ಥೆ ಹೊಣೆಯಲ್ಲ.' ನಾಲ್ಕನೆಯದರಲ್ಲಿ ಕೆಲಸದಿಂದ ತೆಗೆದಿದ್ದಾರೆ. ಶೀಘ್ರ ಗುಣಮುಖರಾಗಲೆಂದು ಹಾರೈಸಿಯೂ ಇದ್ದಾರೆ, ನಾಚಿಕೆಗೆಟ್ಟವರು.

ಮರೆಮಾಚಿದ್ದು! ಅತ್ತಿಗೆಗೆ ಓದಿ ಹೇಳಿದೆ. ಅವರು ತಮ್ಮ ಲಂಗದ ಅಂಚನ್ನು ಹಿಡಿದುಕೊಂಡು ಕೂತರು. ನಿನಗೆ ಗೊತ್ತಲ್ಲ ಆ ಅಂಚು. ಮದುವೆಯಾಗಿ ಬಂದ ವರ್ಷ "ನಡೆಯುವಾಗ ಜನ ಕಾಲೇ ನೋಡ್ತಾರೆ" ಎಂದು ಅತ್ತಿದ್ದರು. ಆವತ್ತಿನಿಂದ ಅವರ ಒಂದೊಂದು ಲಂಗವನ್ನೂ ಎಡಗಡೆ ಅರ್ಧ ಇಂಚು ಗಿಡ್ಡ ಹೊಲಿದಿದ್ದೇನೆ. ಅವರು ನಿಂತಾಗ, ನಡೆದಾಗ, ಅಂಚು ನೆಲಕ್ಕೆ ಸರಿಸಮ. ನೋಡುವ ಕಣ್ಣಿಗೆ ಕಾಲೂ ಸರಿಸಮ. ನನ್ನ ಕೈಯಿಂದ ಹೊರಗೆ ಹೋದ ಕೆಲಸಗಳಲ್ಲಿ ಅದರಷ್ಟು ಹೆಮ್ಮೆ ನನಗೆ ಬೇರೆ ಯಾವುದರಲ್ಲೂ ಇಲ್ಲ. ಅದನ್ನು ಮೋಸ ಎನ್ನುತ್ತಿದೆ ನಿನ್ನ ಕಂಪನಿ.

ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದೇವೆ. ಮೇ ಇಪ್ಪತ್ತಕ್ಕೆ ವಿಚಾರಣೆ. ಲಾಯರಮ್ಮ ಒಳ್ಳೆಯವರು, ನನ್ನ ಹತ್ತಿರ ಕೋಟು ಹೊಲಿಸಿದವರು. ಅವರಿಗೆ ಎರಡು ವಿಷಯ ಬೇಕು. ಅತ್ತಿಗೆಯ ಕಾಲು ಹಾಗಿದೆ ಎಂದು ಕಂಪನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ. ಇನ್ನೊಂದು, ಒಂದು ಕಪಾಟಿನಿಂದ ಮುಂದಿನ ಕಪಾಟಿಗೆ ಹೋಗಿ, ಸಾಮಾನು ಎತ್ತಿ, ಸ್ಕ್ಯಾನ್ ಮಾಡಿ, ಬುಟ್ಟಿಗೆ ಹಾಕಲು ಒಂಬತ್ತೇ ಸೆಕೆಂಡು ಎಂದು ಯಾವ ಪುಣ್ಯಾತ್ಮರು ಗೊತ್ತು ಮಾಡಿದರು.

ಮೊದಲನೆಯದಕ್ಕೆ ಉತ್ತರ ನಿನ್ನ ಹಿಂದಿನ ಕಾಗದದಲ್ಲೇ ಇದೆ. ನಿನ್ನದೇ ಕೈಬರಹದಲ್ಲಿ. ಎರಡನೆಯದನ್ನು ಹೇಳು. ಆ ಒಂಬತ್ತು ಯಾರದು?

ಎದುರು ಮನೆ ಮೇಷ್ಟ್ರು ನಿನ್ನೆ ಬೋರ್ಡು ಓದಿ ನಕ್ಕರು. "ನೀವೊಬ್ರು ತಗೊಳ್ದಿದ್ರೆ ಆ ಕಂಪನಿಗೇನಾಗುತ್ತಮ್ಮ?" ಅಂದರು. "ಅದಕ್ಕೇನೂ ಆಗಲ್ಲ ಮೇಷ್ಟ್ರೇ. ನಾಳೆ ನಿಮ್ಮ ಮನೆ ಬಾಗಿಲಿಗೆ ಡಬ್ಬಿ ಬಂದಾಗ ತಂದವ್ರ ಮುಖ ಒಂದ್ಸಲ ನೋಡಿ, ಆಮೇಲೆ ನನ್ ಹತ್ರ ಮಾತಾಡಿ" ಅಂದೆ. ಮುಖ ಗಂಟಿಕ್ಕಿಕೊಂಡು ಹೋದರು. ಮೂಲೆಯ ಗುಂಡಿ, ದಾರದ ಅಂಗಡಿ ಮುಚ್ಚಿದಾಗ ಅತಿ ಹೆಚ್ಚು ಮರುಗಿದವರೂ ಇವರೇ. ಅಲ್ಲಿ ಒಂದು ಗುಂಡಿಯನ್ನೂ ಕೊಂಡವರಲ್ಲ.

ಉತ್ತರಕ್ಕೆ ಕಾಯುವ,
ಅಕ್ಕ

---

ಏಪ್ರಿಲ್ ೨

ಅಕ್ಕ,

ಮೂರು ವಾರ ಆಯಿತು. ಬರೆದು ಬರೆದು ಹರಿದೆ.

ಆ ಒಂಬತ್ತು ನನ್ನದು.

ಆರು ವರ್ಷದ ಹಿಂದೆ ಗೋಡೌನ್ ಆಗಷ್ಟೇ ಕಟ್ಟಿ ಮುಗಿದಿತ್ತು. ಒಳಗೆ ಕೆಲಸದವರು ಇನ್ನೂ ಬಂದಿರಲಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕೆಂದು ಅಂದಾಜು ಕೊಡಿ ಎಂದು ಮ್ಯಾನೇಜರ್ ಕೇಳಿದರು. ಒಂದು ಭಾನುವಾರ ಬೆಳಿಗ್ಗೆ ಹೋದೆ. ಓಡುವ ಶೂ ಹಾಕಿದ್ದೆ. ಸಾಲುಗಳೆಲ್ಲ ಖಾಲಿ, ನೆಲ ಕನ್ನಡಿಯ ಹಾಗೆ. ಸ್ಟಾಪ್‌ವಾಚ್ ಒತ್ತಿ ನಾನೇ ನಡೆದೆ. ಮೊದಲ ಸಲ ಹತ್ತೂವರೆ. ಇನ್ನೊಂದು ಸಲ, ಹತ್ತು. ಮೂರನೇ ಸಲ ಒಂಬತ್ತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಒಂಬತ್ತನ್ನು ಬರೆದುಕೊಟ್ಟೆ. ಬೀಗುತ್ತ ಕೊಟ್ಟೆ, ಅಕ್ಕ. ಮ್ಯಾನೇಜರ್ "ಭೇಷ್" ಅಂದರು. ಆಮೇಲೆ ಜನ ಬಂದರು, ಎಂಟು ಗಂಟೆಯ ಪಾಳಿ ಬಂತು, ಸಾಲಿನಲ್ಲಿ ನೂಕುನುಗ್ಗಲು ಬಂತು. ಒಂಬತ್ತು ಬದಲಾಗಲಿಲ್ಲ. ನಾನೂ ಬದಲಾಯಿಸಿ ಎನ್ನಲಿಲ್ಲ. ಅದರಿಂದಲೇ ನನಗೆ ಗಾಜಿನ ಕೋಣೆ ಸಿಕ್ಕಿತು.

ಇನ್ನೊಂದು ಮಾತು. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುತ್ತೇನೆ. ಹೋದ ಗುರುವಾರ ಮೇಲೆ ಕರೆದು ಒಂದು ಹೇಳಿಕೆ ಮುಂದಿಟ್ಟರು. 'ನಡಿಗೆ ಪರೀಕ್ಷೆಯ ದಿನ ಕೆಲಸಗಾರರ ಕಾಲಿನ ನ್ಯೂನತೆ ನನ್ನ ಗಮನಕ್ಕೆ ಬಂದಿರುವುದಿಲ್ಲ.' ಕಂಪನಿಯ ಲಾಯರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಸಹಿ ಹಾಕಿದೆ.

ಯಾಕೆ ಹಾಕಿದೆ ಎಂದು ಬರೆಯಲು ಹೋದರೆ ಎಲ್ಲವೂ ನೆಪದ ಹಾಗೆ ಕಾಣುತ್ತದೆ. ಹೆದರಿದೆ. ಅಷ್ಟೇ.

ತಂಗಿ

---

ಏಪ್ರಿಲ್ ೮

ನಿನಗೆ,

ಪುಟ್ಟಿ ಎಂದು ಬರೆಯಲು ಕೈ ಬರುತ್ತಿಲ್ಲ.

ಹೆದರಿದಳಂತೆ! ಅತ್ತಿಗೆಗೆ ಹೆದರಿಕೆ ಇರಲಿಲ್ಲವೇ? ಎರಡು ಎಚ್ಚರಿಕೆ ಆಗಿತ್ತು, ಮೂರನೆಯದಾದರೆ ಮನೆಗೆ. ಆ ಸ್ಕ್ಯಾನರ್ ಕೆಂಪಗಾದಾಗ ಐವತ್ತನಾಲ್ಕು ವರ್ಷದ ಹೆಂಗಸು ಗಿಡ್ಡ ಕಾಲೆಳೆದುಕೊಂಡು ಓಡಿದರು, ನಿನ್ನ ಮೂವತ್ತನೇ ವಯಸ್ಸಿನ ಹಿಂದೆ! ಸ್ಟೂಲು ಸರಿಯಾಗಿ ನಿಂತಿದೆಯೋ ಇಲ್ಲವೋ ನೋಡಲೂ ಅವರಿಗೆ ಹೊತ್ತಿರಲಿಲ್ಲ. ನಿನ್ನ ಜಡೆ ಹಾಕಿದ್ದು ಆ ಬಲಗೈ. ನಿನ್ನ ಶಾಲೆಯ ಅಂಗಿಗೆಲ್ಲ ಕಾಜಾ ಹಾಕಿದ್ದು ಆ ಬಲಗೈ. ನಿನ್ನ ಬಲಗೈ ಏನು ಮಾಡಿತು ನೋಡಿಕೋ.

ನಿನ್ನ ಎರಡೂ ಕಾಗದ ನನ್ನ ಮೇಜಿನ ಖಾನೆಯಲ್ಲಿವೆ. "ಇವನ್ನ ಕೊಟ್ಬಿಡಿ, ಕೇಸು ಅರ್ಧ ಗೆದ್ದಂಗೆ" ಎಂದು ಲಾಯರಮ್ಮ ಎರಡು ಸಲ ಕೇಳಿದರು. ಕೊಡಲಿಲ್ಲ. ನಿನ್ನ ಮೇಲಿನ ಪ್ರೀತಿಯಿಂದ ಎಂದು ತಿಳಿದು ಹಿಗ್ಗಬೇಡ. ತಂಗಿ ಅಕ್ಕನಿಗೆ ಬರೆದ ಕಾಗದವನ್ನು ಕದ್ದು ತೋರಿಸಿ ಗೆಲ್ಲುವ ಗತಿ ನನಗೆ ಬಂದಿಲ್ಲ. ಹೇಳುವುದಿದ್ದರೆ ನೀನೇ ಬಂದು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಸುಡುತ್ತೇನೆ, ನಿನ್ನ ಪಾಡಿಗೆ ನೀನು.

ಇನ್ನು ಬರೆಯಬೇಡ. ನಾನೂ ಬರೆಯುವುದಿಲ್ಲ.

ಸಹಿ ಹಾಕಲೂ ಮನಸ್ಸಿಲ್ಲ

---

ಮೇ ೩

ಪುಟ್ಟಿಗೆ ಅತ್ತಿಗೆಯ ಆಶೀರ್ವಾದ.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ದಿನ ಆಯಿತು ಇಷ್ಟು ಬರೆಯಲು. ಅಕ್ಷರ ಕೋಳಿ ಕೆದರಿದ ಹಾಗಿದೆ. ಓದಿಕೋ.

ನಿಮ್ಮಿಬ್ಬರ ಕಾಗದ ಎಲ್ಲ ಓದಿದೆ. ನಿನ್ನವು ಮೇಜಿನ ಖಾನೆಯಲ್ಲಿ ಇದ್ದವು, ಅವಳವು ಒರಟು ಕಾಗದದಲ್ಲಿ ಮೊದಲು ಬರೆದದ್ದು ಕಸದ ಬುಟ್ಟಿಯಲ್ಲಿ. ನನಗೂ ಸಿಟ್ಟು ಬಂತು. ನಿನ್ನ ಮೇಲೆ, ಅವಳ ಮೇಲೆ, ಇಬ್ಬರ ಮೇಲೂ. ಕತ್ತರಿಸುವ ಮೇಜಿನ ಮೇಲೆ ಹರಡಿದ ಬಟ್ಟೆಯ ಹಾಗೆ ನನ್ನನ್ನು ನಡುವೆ ಇಟ್ಟುಕೊಂಡು ಎಳೆದಾಡುತ್ತಿದ್ದೀರಿ. ನಿಮಗೇನು ಬೇಕು ಅತ್ತಿಗೆ ಎಂದು ಒಬ್ಬರಾದರೂ ಕೇಳಿದಿರಾ?

ನಾನು ಓಡಿದ್ದು ಹೇಗೆ ಎಂದೂ ಕೇಳಲಿಲ್ಲ. ಕೇಳು. ಕಕ್ಕಸಿಗೆ ಹೋಗಿಬರಲು ನಾಲ್ಕು ನಿಮಿಷ. ಅಷ್ಟು ಹೊತ್ತು ಆ ಯಂತ್ರ ಸುಮ್ಮನಿರುವುದಿಲ್ಲ. ಅದಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಬಿದ್ದ ದಿನ ಕಣ್ಣು ಕತ್ತಲೆ ಬಂದಿತ್ತು. ಮನೆಯಲ್ಲಿ ಹೇಳಿದರೆ ನಿನ್ನಕ್ಕ ಬಿಡಿಸುತ್ತಾಳೆ, ನಿನಗೆ ಹೇಳಿದರೆ ನಿನಗೆ ಕಷ್ಟ. ಸುಮ್ಮನಿದ್ದೆ. ಅದು ನನ್ನ ತಪ್ಪು.

ಈಗ ನಿನ್ನಕ್ಕ ನಿನಗೆ ಹೇಳದ ವಿಷಯ. ಹೋದ ವಾರ ಅಳತೆ ಪುಸ್ತಕ ತೆಗೆದಳು. ಮೊದಲ ಪುಟ ನೆನಪಿದೆಯಾ? 'ಮನೆ ಅಳತೆ'. ನಿನಗೆ ಹತ್ತೊಂಬತ್ತು ಇದ್ದಾಗ ನಿನ್ನನ್ನು ನಿಲ್ಲಿಸಿ ತೆಗೆದ ಅಳತೆ. ಸಗಟಾಗಿ ಸಮವಸ್ತ್ರದ ಕೆಲಸ ಬಂದಾಗ, ಜನ ಬಂದು ನಿಲ್ಲಲು ಪುರುಸೊತ್ತಿಲ್ಲ ಅಂದಾಗ, ಅದೇ ಅಳತೆಗೆ ಎರಡು ಬೆರಳು ಹೆಚ್ಚು ಕಮ್ಮಿ ಮಾಡಿ ಕತ್ತರಿಸುತ್ತಿದ್ದಳು. ನೀನೂ ಪಕ್ಕದಲ್ಲಿ ನಿಂತು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಮನೆಯಲ್ಲಿ ಇರುವ ಮೈಯಿಂದ ಎಲ್ಲರ ಮೈಯನ್ನೂ ಅಳೆಯಬಹುದು ಎಂದು ನೀನು ಎಲ್ಲಿ ಕಲಿತೆ? ಇಲ್ಲೇ.

ಆಸ್ಪತ್ರೆಯಲ್ಲಿ ಗುಡಿಸುವ ಹೆಂಗಸರು ಕೋಟು ಹಿಡಿದುಕೊಂಡು ಬಂದು "ಕಂಕುಳಲ್ಲಿ ಕೊರೀತದಮ್ಮ" ಅಂದಾಗ ನಿನ್ನಕ್ಕ ಏನೆನ್ನುತ್ತಿದ್ದಳು? "ಕೈ ಸ್ವಲ್ಪ ಕಮ್ಮಿ ಎತ್ತಿ." ನಾನು ಪಕ್ಕದಲ್ಲೇ ಕೂತು ಕಾಜಾ ಹಾಕುತ್ತಿದ್ದೆ. ಬಾಯಿ ಬಿಡಲಿಲ್ಲ. ಆ ಪುಟ ನೋಡಿದ ಮೇಲೆ ಅವಳು ಆ ದಿನವೆಲ್ಲ ಮಷೀನು ಮುಟ್ಟಲಿಲ್ಲ. ನಿನ್ನನ್ನು ಬೈಯುವುದನ್ನೂ ನಿಲ್ಲಿಸಿದಳು. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ನನಗೇನು ಬೇಕು ಎಂದು ನಾನೇ ಹೇಳುತ್ತೇನೆ. ನೆಟ್ಟಗಿನ ಅಂಚಿನ ಒಂದು ಲಂಗ ಹೊಲಿ ಎಂದು ನಿನ್ನಕ್ಕನಿಗೆ ಹೇಳಿದ್ದೇನೆ. ಎರಡೂ ಕಡೆ ಒಂದೇ ಉದ್ದ. ಅವಳು ಅತ್ತಳು, ಆದರೂ ಹೊಲಿಯುತ್ತಿದ್ದಾಳೆ. ವಿಚಾರಣೆಗೆ ಅದನ್ನೇ ಉಟ್ಟು ಹೋಗುತ್ತೇನೆ. ನಾನು ಕುಂಟುವುದನ್ನು ಎಲ್ಲರೂ ನೋಡಲಿ. ಮೂವತ್ತು ವರ್ಷ ಮುಚ್ಚಿಟ್ಟದ್ದು ಸಾಕು.

ನಿನ್ನ ಎರಡು ಕಾಗದ ಇದರ ಜೊತೆ ಇಟ್ಟಿದ್ದೇನೆ. ನಿನ್ನವು, ನೀನೇ ಇಟ್ಟುಕೋ. ಸುಡು, ಹರಿ, ಏನಾದರೂ ಮಾಡು. ನಿನ್ನನ್ನು ಕಾಗದದಿಂದ ಕಟ್ಟಿಹಾಕಿ ಎಳೆದುಕೊಂಡು ಬರುವುದು ನನಗೆ ಬೇಡ. ಬರುವುದಾದರೆ ನಿನ್ನ ಕಾಲಿನಿಂದ ನೀನೇ ಬಾ.

ಊಟ ಸರಿಯಾಗಿ ಮಾಡು.

ಅತ್ತಿಗೆ

---

ಮೇ ೯

ಅತ್ತಿಗೆಯವರಿಗೆ,

ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ.

ಬರುತ್ತೇನೆ. ಸ್ಟಾಪ್‌ವಾಚ್ ತರುತ್ತೇನೆ. ಅಕ್ಕನಿಗೆ ಹೇಳಬೇಡಿ, ನಾನು ಕೊನೆ ಗಳಿಗೆಯಲ್ಲಿ ಹೆದರಿ ಬಾರದೆ ಹೋದರೆ ಅವಳಿಗೆ ಎರಡು ಸಲ ಸಿಟ್ಟು ಬರುತ್ತದೆ.

ನಿಮ್ಮ ಪುಟ್ಟಿ

---

ಮೇ ೨೪

ಅಕ್ಕ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ವಿಚಾರಣೆಯ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ ನೀನು ನನ್ನನ್ನು ನೋಡಿ ಗೋಡೆ ಕಡೆಗೆ ತಿರುಗಿಕೊಂಡೆ. ಸಾಕ್ಷಿಗಳು ಮಾತ್ರ ಒಳಗೆ ಎಂದು ನಿನ್ನನ್ನು ಬಿಡಲಿಲ್ಲ. ಅತ್ತಿಗೆಯನ್ನು ಕೇಳಿದರೆ "ಎಲ್ಲಾ ಆಯ್ತು" ಎಂದು ಎರಡು ಪದದಲ್ಲಿ ಮುಗಿಸಿರುತ್ತಾರೆ. ಒಳಗೆ ಏನಾಯಿತೆಂದು ನಿನಗೆ ಗೊತ್ತಾಗಬೇಕು.

ಉದ್ದನೆಯ ಕೋಣೆ. ಮೇಜಿನ ಹಿಂದೆ ವಿಚಾರಣಾಧಿಕಾರಿ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಕಂಪನಿಯ ಲಾಯರು ನನ್ನನ್ನು ನೋಡಿ ತಮ್ಮ ಕಡೆಯ ಕುರ್ಚಿ ಎಳೆದುಕೊಟ್ಟರು. ನಾನು ಕೂರಲಿಲ್ಲ. ಅವರ ನಗು ಅಲ್ಲೇ ನಿಂತಿತು.

ಅವರು ಮೊದಲು ಮಾತಾಡಿದರು. "ಇವರು ಎಂಬತ್ತಾರು ದಿನ ಕೆಲಸ ಮಾಡಿದ್ದಾರೆ, ಎಪ್ಪತ್ತೊಂಬತ್ತು ದಿನ ಒಂಬತ್ತು ಸೆಕೆಂಡಿನ ಸರಾಸರಿ ಮುಟ್ಟಿದ್ದಾರೆ. ಕಾಲು ಸರಿ ಇಲ್ಲ ಅಂತ ಯಾರಿಗೆ ಗೊತ್ತಾಗ್ಬೇಕು ಸ್ವಾಮಿ?" ಅಂದರು. ಮಾತು ಚೆನ್ನಾಗಿತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಆಗ ಲಾಯರಮ್ಮನ ಪಕ್ಕದಿಂದ ಅತ್ತಿಗೆ ಎದ್ದರು. ನೀನು ಹೊಲಿದ ಲಂಗದಲ್ಲಿ. ನಾನು ಅವರು ಕುಂಟುವುದನ್ನು ಅವತ್ತೇ ಮೊದಲು ನೋಡಿದ್ದು, ಅಕ್ಕ. ಗೊತ್ತಿತ್ತು, ನೋಡಿರಲಿಲ್ಲ. ಅಂಚು ಒಂದು ಕಡೆ ನೆಲ ಮುಟ್ಟುತ್ತಿತ್ತು, ಒಂದು ಕಡೆ ಏಳುತ್ತಿತ್ತು. "ಮುಟ್ಟಿದ್ದು ಓಡಿ, ನೀರೂ ಕುಡೀದೆ. ಈಗ ನಾನ್ ನಡೀತೀನಿ, ಇವ್ಳು ಎಣಿಸ್ಲಿ" ಅಂದರು. ಲಾಯರು ಎದ್ದು ಆಕ್ಷೇಪಿಸಿದರು. ಅಧಿಕಾರಿ ಕನ್ನಡಕ ಒರೆಸಿ, "ನಡೀಲಿ ಬಿಡ್ರಿ, ನಡೆಯೋಕೂ ಆಕ್ಷೇಪಣೆನಾ?" ಅಂದರು.

ಕಿಟಕಿಯಿಂದ ಮೇಜಿಗೆ ಹದಿನೈದು ಹೆಜ್ಜೆ. ಗೋಡೌನಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೇಜಿನ ಮೇಲಿನ ಫೈಲು ಎತ್ತಿ ಪಕ್ಕದಲ್ಲಿದ್ದ ಕಾಗದದ ಬುಟ್ಟಿಗೆ ಹಾಕಬೇಕು. ಎಡಗೈಯಲ್ಲಿ ಬೇಡ, ನಡಿಗೆ ಮಾತ್ರ ನೋಡೋಣ, ಫೈಲು ನಾನೇ ಎತ್ತುತ್ತೇನೆ ಎಂದು ಅಧಿಕಾರಿಯೇ ಹೇಳಿದರು. ಸ್ಟಾಪ್‌ವಾಚ್ ಒತ್ತಿದೆ. ಅವರು ಓಡದೆ, ಆದಷ್ಟು ಬೇಗ ನಡೆದು ಬಂದರು. ಹಣೆ ಬೆವತಿತ್ತು. ಹದಿನಾಲ್ಕು. ಗಟ್ಟಿಯಾಗಿ ಓದಿದೆ. ಅಧಿಕಾರಿ ಇನ್ನೊಂದು ಸಲ ಹೇಳಿ ಎಂದರು. ಹದಿನಾಲ್ಕು, ಅಂದೆ.

"ಹಂಗಾದ್ರೆ ಈ ಒಂಬತ್ತು ಯಾರ್ದು?" ಎಂದು ಕೇಳಿದರು.

ನನ್ನದು, ಅಂದೆ. ಭಾನುವಾರ, ಖಾಲಿ ಸಾಲು, ಓಡುವ ಶೂ, ಮೂರನೇ ಸಲ. ಎಲ್ಲ ಹೇಳಿದೆ. ಕಾಲಿನ ವಿಷಯ ಗೊತ್ತಿದ್ದೇ ಗುರುತು ಹಾಕಿದೆ ಎಂದು ಹೇಳಿದೆ. ಸಹಿ ಹಾಕಿದ ಹೇಳಿಕೆ ಸುಳ್ಳು ಎಂದೂ ಹೇಳಿದೆ. ನಿನಗೆ ಬರೆದ ಎರಡು ಕಾಗದವನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಲಾಯರು ನನ್ನ ಕಡೆ ನೋಡಿದ ನೋಟವನ್ನು ನೀನು ನೋಡಬೇಕಿತ್ತು.

ಅಧಿಕಾರಿ ಬಿಡಲಿಲ್ಲ. "ನೀವೇ ಒಂದ್ಸಲ ನಡೀರಿ, ನೋಡೋಣ" ಅಂದರು. ಸ್ಟಾಪ್‌ವಾಚ್ ಅತ್ತಿಗೆಯ ಎಡಗೈಗೆ ಕೊಟ್ಟೆ. ಗುಂಡಿ ಒತ್ತುವುದು ತೋರಿಸಿದೆ. ಕಿಟಕಿಯ ಹತ್ತಿರ ಹೋಗಿ ನಿಂತು ಹಲ್ಲು ಕಚ್ಚಿ ನಡೆದೆ. ಫೈಲು ಎತ್ತಿದೆ, ಬುಟ್ಟಿಗೆ ಹಾಕಿದೆ. ಎಷ್ಟು ಎಂದು ಕೇಳಿದೆ. ಅತ್ತಿಗೆ ಗಡಿಯಾರವನ್ನು ಕಣ್ಣ ಹತ್ತಿರ ತಂದರು. ಎರಡು ಸಲ ನೋಡಿದರು. "ಹನ್ನೊಂದು ಕಣೇ" ಅಂದರು, ಅಯ್ಯೋ ಪಾಪ ಎನ್ನುವ ದನಿಯಲ್ಲಿ.

ನನಗೇ ಆಗುವುದಿಲ್ಲ, ಅಕ್ಕ. ನನ್ನ ಒಂಬತ್ತು ನನಗೇ ಆಗುವುದಿಲ್ಲ. ನಾನು ಅಲ್ಲಿ ಬುಟ್ಟಿ ಹಿಡಿದಿದ್ದರೆ ಒಂದು ವಾರದಲ್ಲಿ ನನ್ನನ್ನೇ ಮನೆಗೆ ಕಳಿಸುತ್ತಿದ್ದರು. ಆರು ವರ್ಷ ಮೇಲೆ ಕೂತು ಎಷ್ಟು ಜನರಿಗೆ ಕೆಂಪು ಎಚ್ಚರಿಕೆ ಕಳಿಸಿದ್ದೇನೆ ಎಂದು ನನಗೆ ಗೊತ್ತು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ನನ್ನ ಕಾರ್ಡು ತೋರಿಸಿದರೆ ಬಾಗಿಲು ತೆರೆಯಲಿಲ್ಲ. ನನ್ನ ಮಗ್ಗು, ಶಾಲು, ಒಂದು ಗಿಡ, ಎಲ್ಲವನ್ನೂ ಡಬ್ಬಿಯಲ್ಲಿ ಕಟ್ಟಿ ಕಾವಲಿನವರ ಕೈಯಲ್ಲಿ ಕೊಟ್ಟಿದ್ದರು. ಅದೇ ಡಬ್ಬಿ, ಅದೇ ಗುರುತು. ಗೇಟಿನಲ್ಲೇ ಬಿಟ್ಟು ಬಂದೆ. ಪಾಳಿಗೆ ಹೋಗುವವರು ಆಗಲೇ ಓಡುತ್ತಿದ್ದರು. ನಾನು ಹೊರಗೆ ಬಂದೆ, ನನ್ನ ಕಾಲು ಮಾತ್ರ ಒಳಗೇ ಇದೆ. ಎರಡು ಸಾವಿರ ಜನ ಇವತ್ತೂ ಅದರ ಹಿಂದೆ ಓಡುತ್ತಿದ್ದಾರೆ. ಅದು ನೆನಪಾದಾಗಲೆಲ್ಲ ನನಗೆ ನನ್ನನ್ನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಅತ್ತಿಗೆಯನ್ನು ಕೇಳಿದೆ. "ಮೊದ್ಲು ಕೈ ಸರಿ ಹೋಗ್ಲಿ, ಆಮೇಲೆ ನೋಡೋಣ" ಅಂದರು.

ತಂಗಿ

---

ಜೂನ್ ೧೮

ಪುಟ್ಟಿ,

ನೋಡು, ಬರೆದೆ. ಹಿಗ್ಗಬೇಡ.

ಆದೇಶ ಬಂತು. 'ಕೆಲಸದ ಸ್ಥಳದಲ್ಲಿ, ಕೆಲಸದ ಕಾರಣದಿಂದ ಆದ ಗಾಯ.' ಬರುವ ಸೋಮವಾರ ಆಪರೇಷನ್. ಮುಷ್ಟಿ ಕಟ್ಟಲು ಬರುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಸೂಜಿ ಹಿಡಿಯಲು ಬರುತ್ತದೆಯೇ ಎಂದು ಕೇಳಿದೆ. ಅವರು ಎಕ್ಸ್-ರೇ ನೋಡುತ್ತಾ ನಿಂತರು.

ಆದೇಶದ ಕೊನೆಯ ಪುಟ ಓದಿ ನನಗೆ ಮತ್ತೆ ತಲೆಕೆಟ್ಟಿತು. ಒಂಬತ್ತು ಸೆಕೆಂಡಿನ ವಿಷಯ ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವಂತೆ! ಅಂದರೆ ಒಂಬತ್ತು ಇವತ್ತಿಗೂ ಒಂಬತ್ತೇ. ಲಾಯರಮ್ಮ ಮುಂದಿನ ದೂರು ಬರೆಯುತ್ತಿದ್ದಾರೆ. ಅದಕ್ಕೆ ನಿನ್ನ ಸಹಿ ಬೇಕು. ಈ ಸಲ ಓದಿ ಹಾಕು. ನೀನು ಬರೆಯಲಾರೆ ಎಂದ ಆ ಹೆಸರುಗಳನ್ನೂ ಬರೆದುಕೊಂಡು ಬಾ. ಒಂದೂ ಬಿಡಬೇಡ. ಒಬ್ಬೊಬ್ಬರ ಮನೆಗೂ ಹೋಗೋಣ.

ಬೋರ್ಡು ಇನ್ನೂ ಇದೆ. ಮೇಷ್ಟ್ರು ಈಗ ನಗುವುದಿಲ್ಲ. ಡಬ್ಬಿ ತಂದವರನ್ನು ಕೂರಿಸಿ ಟೀ ಕೊಡಲು ಹೋಗಿದ್ದರಂತೆ, ಅವರು ಕೂರಲಿಲ್ಲವಂತೆ. "ಹೌದಮ್ಮ, ಮುಖ ನೋಡ್ದೆ" ಅಂದರು. ತರಿಸುವುದು ಬಿಟ್ಟರೋ ಇಲ್ಲವೋ ಕೇಳಲಿಲ್ಲ. ನನ್ನ ಹಳೇ ಕತ್ತರಿಗೆ ಸಾಣೆ ಹಿಡಿಸಿದೆ, ಇನ್ನು ಹತ್ತು ವರ್ಷಕ್ಕೆ ಏನೂ ತೊಂದರೆಯಿಲ್ಲ.

ಅತ್ತಿಗೆ ನಿನಗೆ ಎಲ್ಲ ಬರೆದಿದ್ದಾರೆಂದು ಆಮೇಲೆ ಗೊತ್ತಾಯಿತು. ಮನೆ ಅಳತೆಯ ಪುಟ ಹರಿದುಹಾಕಿದೆ. ಆಸ್ಪತ್ರೆಯ ಹೆಂಗಸರನ್ನು ಹೋಗಿ ಕರೆದೆ. ಹದಿನಾಲ್ಕು ಮಂದಿ, ಹದಿನಾಲ್ಕು ಅಳತೆ. ಒಬ್ಬೊಬ್ಬರನ್ನೂ ಕೈ ಮೇಲೆತ್ತಿ ನಿಲ್ಲಿಸಿ ಕಂಕುಳ ಅಳೆದೆ. ಅವರಲ್ಲಿ ಹಿರಿಯರು ಹೊಸ ಕೋಟು ಹಾಕಿಕೊಂಡು ನೆತ್ತಿಯ ಮೇಲಿನ ತೊಲೆ ಮುಟ್ಟುವ ಹಾಗೆ ಕೈ ಚಾಚಿ, "ಇಷ್ಟು ವರ್ಷ ಯಾಕೆ ಹೀಗೆ ಹೊಲೀಲಿಲ್ಲ ತಾಯಿ?" ಎಂದು ಕೇಳಿದರು. ತಲೆ ತಗ್ಗಿಸಿದೆ. ಆದ್ದರಿಂದ ನಿನ್ನನ್ನು ಬೈಯುವ ಹಕ್ಕು ಅರ್ಧ ಕಳೆದುಕೊಂಡಿದ್ದೇನೆ. ಉಳಿದ ಅರ್ಧ ಬಿಡುವುದಿಲ್ಲ.

ಭಾನುವಾರವೇ ಬಾ. ಸೋಮವಾರ ಆಸ್ಪತ್ರೆಗೆ ಮೂವರೂ ಹೋಗೋಣ, ಅತ್ತಿಗೆಯ ಹೆಜ್ಜೆಗೆ ನಡೆದುಕೊಂಡು, ಎಷ್ಟು ಹೊತ್ತಾದರೂ ಆಗಲಿ. ನಿನ್ನ ಅಳತೆ ತೆಗೆದು ಹದಿನೇಳು ವರ್ಷ ಆಯಿತು. ಹತ್ತೊಂಬತ್ತರ ಪುಟ್ಟಿ ಇನ್ನೆಲ್ಲಿ? ಬಂದು ಕನ್ನಡಿ ಮುಂದೆ ನಿಲ್ಲು, ಈಗ ಇರುವ ಹಾಗೆ ಅಳೆಯುತ್ತೇನೆ. ಅಳೆಯುವಾಗ ಬೈಯುತ್ತೇನೆ, ಅದಕ್ಕೆ ಸಿದ್ಧವಾಗಿ ಬಾ. ಈ ಸಲ ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಳ್ಳುವುದಿಲ್ಲ.

ನಿನ್ನ ಅಕ್ಕ